ಮೊದಲು ಗೇರ್‌ಬಾಕ್ಸ್, ಆಮೇಲೆ ಎಂಜಿನ್

ಐವತ್ತು ವರ್ಷ ದಾಟಿದ ಶೆವ್ರೊಲೆ ಕಮಾರೊವನ್ನೋ ಪಾಂಟಿಯಾಕ್ ಜಿಟಿಒವನ್ನೋ ಕೊಂಡು ತಂದು ಹೊಸದಾಗಿ ಕಟ್ಟಲು ಕೂತವರಿಗೆ ಅಮೆರಿಕದಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಯಾವ ಎಂಜಿನ್?’ ಎರಡನೆಯದು ‘ಎಷ್ಟು ಅಶ್ವಶಕ್ತಿ?’ ಗೇರ್‌ಬಾಕ್ಸಿನ ಮಾತು ಬರುವುದು ಎಂಜಿನ್ನಿಗೆ ಮುಂಗಡ ಕೊಟ್ಟಾದ ಮೇಲೆ. ಹಿಂದಿನ ಆ್ಯಕ್ಸಲ್‌ನ ಕ್ರೌನ್-ಪಿನಿಯನ್ ಅನುಪಾತದ ಮಾತು ಬರುವುದು ದುಡ್ಡು ಮುಗಿದ ಮೇಲೆ. ಈ ಕ್ರಮವೇ ತಲೆಕೆಳಗಾಗಿದೆ ಎಂಬುದು ನನ್ನ ವಾದ. ರಸ್ತೆಯಲ್ಲಿ ಓಡಿಸಲೆಂದು ಕಟ್ಟುವ ಮಸಲ್ ಕಾರಿಗೆ ಗೇರ್‌ಬಾಕ್ಸನ್ನೂ ಹಿಂದಿನ ಆ್ಯಕ್ಸಲ್ಲನ್ನೂ ಮೊದಲು ಗೊತ್ತು ಮಾಡಬೇಕು. ಎಂಜಿನ್ ಅವಕ್ಕೆ ಹೊಂದಿಕೊಂಡು ಬರಬೇಕು. ಕಾಲು ಮೈಲಿಯ ಡ್ರ್ಯಾಗ್ ಪಂದ್ಯಕ್ಕೆಂದೇ ಕಟ್ಟುವ, ಟ್ರೇಲರಿನ ಮೇಲೆ ಹೋಗಿ ಟ್ರೇಲರಿನ ಮೇಲೆ ಬರುವ ಗಾಡಿಗಳ ವಿಚಾರ ಬೇರೆ. ಅವುಗಳ ಗೊಡವೆ ಇಲ್ಲಿ ಬೇಡ.

ಎಂಜಿನ್ನನ್ನೇ ಮೊದಲು ನೋಡುವ ಈ ಅಭ್ಯಾಸಕ್ಕೆ ಇತಿಹಾಸವಿದೆ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಹಾಕಬಾರದೆಂಬ ಒಳಕಟ್ಟಳೆ ಜನರಲ್ ಮೋಟಾರ್ಸ್ ಕಂಪನಿಯಲ್ಲಿತ್ತು. 1964ರ ಮಾಡೆಲ್ಲಿಗೆ ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್ ಮತ್ತು ಜೊತೆಗಾರರು ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ 389 ಘನ ಅಂಗುಲದ ಎಂಜಿನ್ನನ್ನು ಕೂರಿಸಿ, ಅದನ್ನು ಬೇಕಾದವರು ಹೆಚ್ಚು ಹಣ ಕೊಟ್ಟು ಹಾಕಿಸಿಕೊಳ್ಳುವ ಪ್ಯಾಕೇಜ್ ಎಂದು ಕರೆದು ಕಟ್ಟಳೆಯ ಸಂದಿಯಲ್ಲಿ ನುಸುಳಿಸಿಬಿಟ್ಟರು. ಅದೇ ಜಿಟಿಒ. ಮೊದಲ ವರ್ಷವೇ 32 ಸಾವಿರಕ್ಕೂ ಹೆಚ್ಚು ಗಾಡಿ ಹೋದವು. ಜಾಹೀರಾತಿನಲ್ಲಿ ಮೆರೆದದ್ದು 325 ಮತ್ತು 348 ಎಂಬ ಅಶ್ವಶಕ್ತಿಯ ಅಂಕಿಗಳು. ಗೇರ್‌ಬಾಕ್ಸ್? ಮಾಮೂಲಿಗೆ ಮೂರು ಗೇರಿನದು, ಹೆಚ್ಚು ದುಡ್ಡಿಗೆ ನಾಲ್ಕು ಗೇರಿನದು, ಆಟೊಮ್ಯಾಟಿಕ್ ಬೇಕೆಂದವರಿಗೆ ಎರಡೇ ಗೇರಿನದು. ಹಗುರ ಕಾರು, ದೊಡ್ಡ ಎಂಜಿನ್, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಟ. ಅದಕ್ಕೆ ಅಷ್ಟು ಸಾಕಿತ್ತು.

ಆ ಅಂಕಿಗಳನ್ನಾದರೂ ಎಷ್ಟು ನಂಬುವುದು? 1964ರಲ್ಲಿ ಕಾರ್ ಆ್ಯಂಡ್ ಡ್ರೈವರ್ ಪತ್ರಿಕೆ ಪರೀಕ್ಷಿಸಿ ಹೊಗಳಿದ ಜಿಟಿಒದಲ್ಲಿ ಇದ್ದದ್ದು 389 ಅಲ್ಲ, ಕದ್ದು ಕೂರಿಸಿದ್ದ 421 ಎಂದು ಪಾಂಟಿಯಾಕ್ ಪ್ರಚಾರದ ಜಿಮ್ ವ್ಯಾಂಗರ್ಸ್ ಬಹಳ ಕಾಲದ ಮೇಲೆ ಒಪ್ಪಿಕೊಂಡರು. ಇನ್ನು ಅಧಿಕೃತ ಅಂಕಿಗಳೂ ‘ಗ್ರಾಸ್’ ಅಂಕಿಗಳು: ಎಂಜಿನ್ನನ್ನು ಗಾಡಿಯಿಂದ ಹೊರಗಿಟ್ಟು, ಏರ್ ಫಿಲ್ಟರ್, ಸೈಲೆನ್ಸರ್, ಫ್ಯಾನು ಏನೂ ಇಲ್ಲದೆ ಅಳೆದವು. 1972ರಿಂದ ಅಮೆರಿಕದ ಕಂಪನಿಗಳು ಎಲ್ಲ ಸಾಮಾನುಗಳ ಸಮೇತ ಅಳೆದ ‘ನೆಟ್’ ಅಂಕಿಗೆ ಬಂದವು. 1971ರಲ್ಲಿ ಜನರಲ್ ಮೋಟಾರ್ಸ್ ಎರಡನ್ನೂ ಅಚ್ಚು ಹಾಕಿದ್ದರಿಂದ ನಮಗೆ ಹೋಲಿಸಲು ಅನುಕೂಲವಾಗಿದೆ. ಆ ವರ್ಷದ ಶೆವ್ರೊಲೆ ಕಾರ್ವೆಟ್ಟಿನ ಎಲ್‌ಟಿ-1 ಎಂಜಿನ್ ಗ್ರಾಸ್ ಲೆಕ್ಕದಲ್ಲಿ 330, ನೆಟ್ ಲೆಕ್ಕದಲ್ಲಿ 275. ಎಂಜಿನ್ ಅದೇ, ಬದಲಾದದ್ದು ಅಳತೆ. ಆ ಕಾಲದ ದಂತಕಥೆಯ ಆ ಎಂಜಿನ್ನಿಗೂ, 2000ದ ಆಸುಪಾಸಿನ ಶೆವ್ರೊಲೆ ಪಿಕಪ್ ಟ್ರಕ್ಕಿನಲ್ಲಿ ಗೊಬ್ಬರ, ಮರಮಟ್ಟು ಎಳೆದ 5.3 ಲೀಟರಿನ ಸಾದಾ ಎಂಜಿನ್ನಿಗೂ ನೆಟ್ ಅಶ್ವಶಕ್ತಿಯಲ್ಲಿ ಅಂಥ ಅಂತರವೇನಿಲ್ಲ. ಟ್ರಕ್ಕಿನದು 270ರಿಂದ 295. ಅಂದರೆ ಶಕ್ತಿ ಎಂಬುದು ಇವತ್ತು ಗುಜರಿಯಲ್ಲಿ ಸಿಗುತ್ತದೆ. ಸುಲಭಕ್ಕೆ ಸಿಗುವ ವಸ್ತುವನ್ನು ಮೊದಲು ಗೊತ್ತು ಮಾಡಿ, ಕಷ್ಟದ್ದನ್ನು ಅದಕ್ಕೆ ಒಗ್ಗಿಸಲು ಹೋಗುವುದು ಯಾವ ಲೆಕ್ಕ?

ಕಷ್ಟದ್ದು ಯಾವುದೆಂದು ಅಂಕಿಗಳಲ್ಲೇ ನೋಡೋಣ. 1969ರ ಕಮಾರೊ ಇದೆ ಎಂದುಕೊಳ್ಳಿ. ಹಿಂದಿನ ಟೈರಿನ ಎತ್ತರ 26 ಅಂಗುಲ, ಕ್ರೌನ್-ಪಿನಿಯನ್ 3.73, ಹಳೆಯ ನಾಲ್ಕು ಗೇರಿನ ಮನ್ಸಿ ಗೇರ್‌ಬಾಕ್ಸ್. ಅದರ ಟಾಪ್ ಗೇರ್ ನೇರ, ಒಂದಕ್ಕೊಂದು. ಅಂತರರಾಜ್ಯ ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿ, ಅಂದರೆ 113 ಕಿಲೋಮೀಟರ್ ವೇಗದಲ್ಲಿ ಹೊರಟರೆ ಎಂಜಿನ್ ನಿಮಿಷಕ್ಕೆ ಸುಮಾರು 3,400 ಸುತ್ತು ತಿರುಗುತ್ತಿರುತ್ತದೆ. ಅಷ್ಟು ವೇಗವನ್ನು ಕಾಯ್ದುಕೊಳ್ಳಲು ಬೇಕಾದ ಶಕ್ತಿ ಮೂವತ್ತು ಅಶ್ವಶಕ್ತಿಯ ಆಸುಪಾಸು. ಉಳಿದ ಮುನ್ನೂರು ಚಿಲ್ಲರೆ ಕೆಲಸವಿಲ್ಲದೆ ಕೂತಿರುತ್ತದೆ, ಆದರೆ ಗದ್ದಲ ಮಾತ್ರ ಪೂರ್ತಿ. ಪಕ್ಕದಲ್ಲಿ ಕೂತವರ ಜೊತೆ ಮಾತಾಡಬೇಕೆಂದರೆ ಕೂಗಬೇಕು. ಈ ಗಾಡಿಗೆ ಇನ್ನೂ ನೂರು ಅಶ್ವಶಕ್ತಿ ಸೇರಿಸಿದರೂ ಆ 3,400ರಲ್ಲಿ ಒಂದು ಸುತ್ತೂ ಕಡಿಮೆಯಾಗದು.

ಹಾಗಿದ್ದರೆ ಕ್ರೌನ್-ಪಿನಿಯನ್ ಬದಲಿಸಿ 2.73 ಹಾಕಿದರಾಯಿತಲ್ಲ ಎನ್ನಬಹುದು. ಹಾಕಿದರೆ ಹೆದ್ದಾರಿಯಲ್ಲಿ ಸುತ್ತು ಸುಮಾರು 2,470ಕ್ಕೆ ಇಳಿಯುತ್ತದೆ, ನಿಜ. ಆದರೆ ನಿಂತಲ್ಲಿಂದ ಹೊರಡುವಾಗ ಗಾಡಿ ಸೊರಗುತ್ತದೆ. ಮೊದಲ ಗೇರನ್ನು ಕ್ರೌನ್-ಪಿನಿಯನ್‌ನಿಂದ ಗುಣಿಸಿದರೆ ಬರುವ ಸಂಖ್ಯೆ ಹತ್ತರ ಹತ್ತಿರ ಇರಬೇಕು ಎನ್ನುವುದು ಗ್ಯಾರೇಜಿನವರ ಹಳೆಯ ಅಂದಾಜು. ಎಂಟಕ್ಕಿಂತ ಕೆಳಗೆ ಹೋದರೆ ಪ್ರತಿ ಏರಿನಲ್ಲೂ ಕ್ಲಚ್ ಸವೆಯುತ್ತದೆ. ಹನ್ನೆರಡಕ್ಕಿಂತ ಮೇಲಾದರೆ ಚೌಕ ದಾಟುವುದರೊಳಗೆ ಮೊದಲ ಗೇರು ಮುಗಿದುಹೋಗುತ್ತದೆ. ಮನ್ಸಿಯ ಎಂ-21 ಮಾದರಿಯ ಮೊದಲ ಗೇರು 2.20. ಅದನ್ನು 2.73ರಿಂದ ಗುಣಿಸಿದರೆ ಬರೀ ಆರು. 3.73ರಿಂದ ಗುಣಿಸಿದರೂ 8.2. ಹೊರಡುವ ಬಲ, ಹೆದ್ದಾರಿಯ ನೆಮ್ಮದಿ ಇವೆರಡರಲ್ಲಿ ಒಂದನ್ನು ಬಿಡಲೇಬೇಕಾದ ಪೆಟ್ಟಿಗೆ ಅದು. 1960ರ ದಶಕದ ಎಲ್ಲ ನಾಲ್ಕು ಗೇರಿನ ಪೆಟ್ಟಿಗೆಗಳದ್ದೂ, ಮೂರು ಗೇರಿನ ಆಟೊಮ್ಯಾಟಿಕ್‌ಗಳದ್ದೂ ಇದೇ ಹಣೆಬರಹ.

ಈ ಗಂಟನ್ನು ಬಿಚ್ಚಿದ್ದು ಓವರ್‌ಡ್ರೈವ್, ಅಂದರೆ ಒಂದಕ್ಕಿಂತ ಕಡಿಮೆ ಅನುಪಾತದ ಟಾಪ್ ಗೇರ್. ಟ್ರೆಮೆಕ್ ಕಂಪನಿಯ ಈಗಿನ ಐದು ಗೇರಿನ ಟಿಕೆಎಕ್ಸ್ ಪೆಟ್ಟಿಗೆಯ ಒಂದು ಮಾದರಿಯಲ್ಲಿ ಮೊದಲ ಗೇರು 2.87, ಐದನೆಯದು 0.68. ಅದೇ 3.73ರ ಆ್ಯಕ್ಸಲ್ ಇಟ್ಟುಕೊಂಡರೆ ಹೊರಡುವಾಗ ಗುಣಲಬ್ಧ 10.7, ಗಂಟೆಗೆ 113 ಕಿ.ಮೀ. ವೇಗದಲ್ಲಿ ಎಂಜಿನ್ 2,300 ಸುತ್ತಿಗೆ ಇಳಿದಿರುತ್ತದೆ. ಎಂಜಿನ್ನಿನ ಒಂದು ಬೋಲ್ಟೂ ಬಿಚ್ಚಿಲ್ಲ. ಆದರೂ ಗಾಡಿ ಎರಡೂ ತುದಿಯಲ್ಲಿ ಬೇರೆಯೇ ಗಾಡಿ. ಇದಕ್ಕೆ ಸಾಟಿಯಾಗುವ ಬದಲಾವಣೆಯನ್ನು ಯಾವ ಎಂಜಿನ್ನೂ ತಂದುಕೊಡದು ಎಂಬುದೇ ನನ್ನ ವಾದದ ತಿರುಳು.

ಐದಕ್ಕಿಂತ ಆರು ಗೇರು ಮೇಲಲ್ಲವೆ? 1992ರ ಡಾಡ್ಜ್ ವೈಪರ್‌ನೊಂದಿಗೆ ಬಂದ ಟಿ-56 ಪೆಟ್ಟಿಗೆಗೆ ಈ ವಲಯದಲ್ಲಿ ದೇವರ ಸ್ಥಾನವಿದೆ. 1998ರ ನಂತರದ ಕಮಾರೊಗಳಲ್ಲಿ ಬಂದದ್ದಕ್ಕೆ ಆರನೆಯ ಗೇರು 0.50. ನಮ್ಮ ಲೆಕ್ಕದ ಗಾಡಿಯಲ್ಲಿ ಅದು 113 ಕಿ.ಮೀ. ವೇಗದಲ್ಲಿ 1,700 ಸುತ್ತಿಗಿಂತಲೂ ಕೆಳಗೆ. ಕಾರ್ಖಾನೆಯಿಂದ ಬಂದ ಮೃದು ಕ್ಯಾಮ್ ಇರುವ ಎಂಜಿನ್ ಅಲ್ಲಿ ಹಾಯಾಗಿ ಓಡುತ್ತದೆ. ಮಸಲ್ ಕಾರಿನವರು ಇಷ್ಟಪಡುವ, ನಿಂತಲ್ಲೇ ಗಡಗಡ ಎನ್ನುವ ದೊಡ್ಡ ಕ್ಯಾಮ್ ಹಾಕಿದ್ದರೆ ಆ ಗೇರಿನಲ್ಲಿ ಗಾಡಿ ಮುಕ್ಕರಿಯುತ್ತದೆ. ಆರನೆಯ ಗೇರು ಇದ್ದೂ ಇಲ್ಲದಂತೆ. ಸಾಲದ್ದಕ್ಕೆ, 1967-69ರ ಕಮಾರೊದ ನೆಲದ ನಡುವಿನ ಸುರಂಗ ಈ ಪೆಟ್ಟಿಗೆಗೆ ಚಿಕ್ಕದು. ತಗಡು ಕೊಯ್ದು ಹೊಸದು ಬೆಸೆಯಬೇಕು. ಟಿಕೆಎಕ್ಸ್‌ಗೆ ಆ ಕೊಯ್ತ ಅಷ್ಟಾಗಿ ಬೇಕಿಲ್ಲ. ರಸ್ತೆಯ ಗಾಡಿಗೆ ಐದು ಗೇರು ಸಾಕೆನ್ನುವುದಕ್ಕೆ ನನಗೆ ಇಷ್ಟೇ ಕಾರಣ.

ಕ್ಯಾಮ್ ಮಾತು ಬಂದದ್ದು ಒಳ್ಳೆಯದಾಯಿತು. ಎಂಜಿನ್ನಿನ ಸ್ವಭಾವ ನಿರ್ಧರಿಸುವುದು ಅದರ ಗಾತ್ರಕ್ಕಿಂತ ಕ್ಯಾಮ್‌ಶಾಫ್ಟ್. ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಮೇಲಿನ ಸುತ್ತುಗಳಲ್ಲಿ ಶಕ್ತಿ ಕೊಡುತ್ತದೆ, ಕೆಳಗಿನದನ್ನು ಕಿತ್ತುಕೊಳ್ಳುತ್ತದೆ. ಐಡ್ಲಿಂಗಿನಲ್ಲಿ ವ್ಯಾಕ್ಯೂಮ್ ಬಿದ್ದು ಪವರ್ ಬ್ರೇಕು ಕೂಡ ಗಟ್ಟಿಯಾಗುತ್ತದೆ. ಎಂಜಿನ್ ಯಾವ ಸುತ್ತುಗಳ ನಡುವೆ ಬದುಕಬೇಕು ಎನ್ನುವುದನ್ನು ಹೇಳುವುದು ಗೇರುಗಳು. ಹಾಗಾಗಿ ಗೇರ್‌ಬಾಕ್ಸ್ ಗೊತ್ತಾಗದೆ ಕ್ಯಾಮ್ ಆರಿಸಲಾಗದು, ಕ್ಯಾಮ್ ಗೊತ್ತಾಗದ ಎಂಜಿನ್ ಅರ್ಧ ಎಂಜಿನ್.

ಇದು ನಾನು ಇವತ್ತು ಕಂಡುಹಿಡಿದ ಸತ್ಯವೇನೂ ಅಲ್ಲ. 1967ರಲ್ಲಿ ಶೆವ್ರೊಲೆ ಟ್ರಾನ್ಸ್-ಆ್ಯಮ್ ಪಂದ್ಯಕ್ಕೆಂದು ಕಮಾರೊ ಝಡ್/28 ತಂದಿತು. ಪಂದ್ಯದ ನಿಯಮ 305 ಘನ ಅಂಗುಲದ ಮಿತಿ ಹಾಕಿದ್ದರಿಂದ ಎಂಜಿನ್ 302ರದು. ಆ ವರ್ಷ ಕಟ್ಟಿದ್ದು ಬರೀ 602 ಗಾಡಿ. ಅದನ್ನು ಆಟೊಮ್ಯಾಟಿಕ್‌ನೊಂದಿಗೆ ಕೊಡಿ ಎಂದರೆ ಕೊಡುತ್ತಿರಲಿಲ್ಲ. ನಾಲ್ಕು ಗೇರಿನ ಮ್ಯಾನ್ಯುಯಲ್, 3.73ರ ಕ್ರೌನ್-ಪಿನಿಯನ್, ಇವು ಎಂಜಿನ್ನಿನ ಜೊತೆಗೇ ಬರುತ್ತಿದ್ದವು. ಚಿಕ್ಕ ಎಂಜಿನ್, ಏರು ಸುತ್ತು, ಅದಕ್ಕೆ ತಕ್ಕ ಗೇರು ಎಂಬ ಒಂದೇ ಕಟ್ಟು. ಅದಕ್ಕಿಂತ ದೊಡ್ಡ ಎಂಜಿನ್ನಿನ ಕಮಾರೊಗಳು ಆಗಲೂ ಇದ್ದವು. ಆದರೂ ಓಡಿಸಲು ಖುಷಿಯ ಕಮಾರೊ ಯಾವುದೆಂದರೆ ಬಲ್ಲವರು ಝಡ್/28ರ ಕಡೆಗೇ ಕೈ ತೋರುತ್ತಾರೆ.

ಆಟೊಮ್ಯಾಟಿಕ್ ಎಂದರೆ ಮೂಗು ಮುರಿಯುವ ಗಂಡಸುತನದ ಬಗ್ಗೆ ಒಂದು ಮಾತು. 426 ಘನ ಅಂಗುಲದ ಹೆಮಿ ಎಂಜಿನ್ನಿನ ಕಾಲದಲ್ಲೇ ಕ್ರೈಸ್ಲರ್‌ನ ಮೂರು ಗೇರಿನ ಟಾರ್ಕ್‌ಫ್ಲೈಟ್ 727 ಹಾಕಿಕೊಂಡವರು ಡ್ರ್ಯಾಗ್ ಪಟ್ಟಿಯಲ್ಲಿ ಮ್ಯಾನ್ಯುಯಲ್‌ನವರನ್ನು ಹಿಂದೆ ಹಾಕುತ್ತಿದ್ದರು. ನಗರದ ಟ್ರಾಫಿಕ್ಕಿನಲ್ಲಿ ದಿನಾ ಓಡಿಸುವವರು, ಮಂಡಿ ನೋವಿನವರು, ಮನೆಯಲ್ಲಿ ಎಲ್ಲರೂ ಓಡಿಸಬೇಕೆನ್ನುವವರು ನಾಚಿಕೆಯಿಲ್ಲದೆ ಆಟೊಮ್ಯಾಟಿಕ್ ಹಾಕಿಸಲಿ. ಆದರೆ ಅಲ್ಲೂ ಅನುಪಾತ ನೋಡಿಯೇ ಹಾಕಿಸಬೇಕು.

ಎಲ್ಲರೂ ಕೈ ಹಾಕುವುದು ಜನರಲ್ ಮೋಟಾರ್ಸ್‌ನ 700ಆರ್4ಗೆ ಅಥವಾ ಅದರ ಎಲೆಕ್ಟ್ರಾನಿಕ್ ತಮ್ಮ 4ಎಲ್60ಇಗೆ. 1982ರಲ್ಲಿ ಬಂದ ಈ ವಂಶದ ಮೊದಲ ಗೇರು 3.06, ಎರಡನೆಯದು 1.63, ಕೊನೆಯದು 0.70. ತುದಿಗಳೆರಡೂ ಚೆನ್ನ, ನಡುವೆ ಕಂದಕ. 5,500 ಸುತ್ತಿನಲ್ಲಿ ಮೊದಲನೆಯದರಿಂದ ಎರಡನೆಯದಕ್ಕೆ ಬಿದ್ದರೆ ಎಂಜಿನ್ 2,930ಕ್ಕೆ ಕುಸಿಯುತ್ತದೆ. ಟ್ರಕ್ಕಿನ ಎಂಜಿನ್ನಿಗೆ ಅದು ಲೆಕ್ಕಕ್ಕಿಲ್ಲ, ಅಲ್ಲೂ ಅದಕ್ಕೆ ಟಾರ್ಕ್ ಇದೆ. ಏರು ಸುತ್ತಿನ ಕ್ಯಾಮ್ ಹಾಕಿದ ಎಂಜಿನ್ನು ಅಲ್ಲಿ ಉಸಿರು ಬಿಡುತ್ತದೆ. 1980ರ ದಶಕದ ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಬಂದ 200-4ಆರ್‌ನ ಮೊದಲೆರಡು ಗೇರು 2.74 ಮತ್ತು 1.57, ಅದೇ ಏರಿಳಿತದಲ್ಲಿ ಸುತ್ತು 3,150ರಲ್ಲಿ ನಿಲ್ಲುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಸ್ಮಾಲ್-ಬ್ಲಾಕ್ ಎಂಜಿನ್ ಉಳಿಸಿಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಒಂದು ಎಚ್ಚರಿಕೆ: 700ಆರ್4, 200-4ಆರ್ ಎರಡರಲ್ಲೂ ಆ್ಯಕ್ಸಿಲರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಇರುತ್ತದೆ. ಒಳಗಿನ ಎಣ್ಣೆಯ ಒತ್ತಡವನ್ನು ಹೇಳುವುದು ಅದು. ಅದರ ಬಿಗಿ ತಪ್ಪಿದರೆ ಹೊಸದಾಗಿ ಕಟ್ಟಿಸಿದ ಪೆಟ್ಟಿಗೆಯ ಕ್ಲಚ್ ಪ್ಲೇಟುಗಳು ಮನೆ ಸೇರುವುದರೊಳಗೆ ಸುಟ್ಟಿರಬಹುದು. ಸುಟ್ಟ ಪೆಟ್ಟಿಗೆಯನ್ನು ಹಿಡಿದು ಇದು ಎಂಜಿನ್ನಿನ ಬಲ ತಡೆಯಲಿಲ್ಲ ಎಂದು ಹೆಮ್ಮೆಪಡುವವರೂ ಇದ್ದಾರೆ!

ಈಗ ಎಂಜಿನ್. ಜನರಲ್ ಮೋಟಾರ್ಸ್ ಗಾಡಿಗಳಿಗೆ ಎಲ್‌ಎಸ್ ವಂಶದ ಎಂಜಿನ್ನಿನ ಹೊರತು ಬೇರೆ ದಾರಿಯೇ ಇಲ್ಲ ಎನ್ನುವವರ ಗುಂಪು ದೊಡ್ಡದು. ಅವರ ಮಾತಿನಲ್ಲಿ ಹುರುಳಿದೆ. 1997ರ ಕಾರ್ವೆಟ್ಟಿನೊಂದಿಗೆ ಬಂದ ಎಲ್‌ಎಸ್1 ಅಲ್ಯೂಮಿನಿಯಂ ಬ್ಲಾಕಿನದು, 5.7 ಲೀಟರ್, 345 ನೆಟ್ ಅಶ್ವಶಕ್ತಿ. 1955ರಿಂದ ಬಂದ ಎರಕದ ಕಬ್ಬಿಣದ ಸ್ಮಾಲ್-ಬ್ಲಾಕಿಗಿಂತ ಸುಮಾರು 50 ಕಿಲೊ ಹಗುರ. 2008ರ ಎಲ್‌ಎಸ್3 ಕಾರ್ಖಾನೆಯಿಂದಲೇ 430 ಕೊಟ್ಟಿತು. ಗೇರ್‌ಬಾಕ್ಸ್ ಕೂರುವ ಬೋಲ್ಟುಗಳ ಜಾಗ ಬಹುಪಾಲು ಹಳೆಯದೇ. ಕ್ಯಾಮ್ ಬ್ಲಾಕಿನೊಳಗೇ ಇರುವ, ಪುಶ್‌ರಾಡ್ ನಂಬಿದ ಹಳೇ ಕಾಲದ ತಂತ್ರ ಎಂದು ಇದನ್ನು ಗೇಲಿ ಮಾಡುವವರು ಎಂಜಿನ್ ಬೇಯ ಅಗಲವನ್ನು ಅಳೆದು ನೋಡಲಿ. 2011ರ ಮಸ್ಟಾಂಗಿನೊಂದಿಗೆ ಬಂದ ಫೋರ್ಡ್‌ನ 5 ಲೀಟರಿನ ಕೊಯೊಟೆ ಎಂಜಿನ್ನಿಗೆ ತಲೆಯ ಮೇಲೆ ನಾಲ್ಕು ಕ್ಯಾಮ್. ಗಾತ್ರದಲ್ಲಿ ಚಿಕ್ಕದು, ಮೈಯಗಲದಲ್ಲಿ ದೊಡ್ಡದು. 1965-70ರ ಮಸ್ಟಾಂಗಿಗೆ ಅದನ್ನು ಇಳಿಸಬೇಕಾದರೆ ಶಾಕ್ ಟವರುಗಳನ್ನು ಕೊಯ್ದು ಮುಂದಿನ ಸಸ್ಪೆನ್ಷನ್ನನ್ನೇ ಬದಲಿಸಬೇಕು. ಅಲ್ಲಿಗೆ ಮಸ್ಟಾಂಗ್ ಉಳಿಯುವುದು ಮೇಲಿನ ತಗಡಿನಲ್ಲಿ ಮಾತ್ರ. ಅಂಥ ಗಾಡಿಗೆ ಫೋರ್ಡಿನದೇ ಹಳೆಯ 302ನ್ನು ಸ್ಟ್ರೋಕ್ ಹೆಚ್ಚಿಸಿ 347 ಮಾಡಿಸಿ, ಐದು ಗೇರು ಕೊಟ್ಟರೆ ಕೆಲಸವೂ ಹಣವೂ ಕಡಿಮೆ.

ಎಲ್‌ಎಸ್‌ನ ದೊಡ್ಡ ಗುಣ ಅದರ ಅಶ್ವಶಕ್ತಿಗಿಂತ ಅದರ ಜೋಡಿ. ಅಪಘಾತವಾದ ಒಂದು ಟ್ರಕ್ಕಿನಿಂದ ಎಂಜಿನ್, 4ಎಲ್60ಇ ಗೇರ್‌ಬಾಕ್ಸ್, ವೈರಿಂಗ್, ಎರಡನ್ನೂ ಆಳುವ ಕಂಪ್ಯೂಟರ್ ಒಟ್ಟಿಗೆ ಇಳಿಸಬಹುದು. ಒಂದಕ್ಕೊಂದು ಪರಿಚಯವಿರುವ ಭಾಗಗಳು ಅವು. ಹಾಗೆ ನೋಡಿದರೆ ಈ ನೀತಿ ನಮ್ಮ ದೇಶಕ್ಕೂ ಹೊಸದಲ್ಲ. ಭಾರತದ ಮಸಲ್ ಕಾರು ಎಂದು ಅಭಿಮಾನಿಗಳು ಕರೆಯುವ ಹಿಂದೂಸ್ತಾನ್ ಕಾಂಟೆಸ್ಸಾ 1984ರಲ್ಲಿ ಬಂದಾಗ ಅಷ್ಟು ದೊಡ್ಡ ಮೈಯೊಳಗೆ ಅಂಬಾಸಿಡರಿನ 1.5 ಲೀಟರ್ ಎಂಜಿನ್, ನಾಲ್ಕು ಗೇರು. ಗಾಡಿ ಎಳೆಯುತ್ತಿರಲಿಲ್ಲ. ಆಮೇಲೆ ಇಸುಝುವಿನ 1.8 ಲೀಟರ್ ಪೆಟ್ರೋಲ್ ಎಂಜಿನ್ ತಂದಾಗ ಕಂಪನಿ ಜೊತೆಗೆ ಐದು ಗೇರಿನ ಪೆಟ್ಟಿಗೆಯನ್ನೂ ತಂದಿತು. ಅಂಬಾಸಿಡರಿಗೂ ಅದೇ ಜೋಡಿ ಬಂತು. ಅವುಗಳನ್ನು ಓಡಿಸಿದವರಿಗೆ ಐದನೆಯ ಗೇರಿನ ಬೆಲೆ ಗೊತ್ತು. ಆದರೆ ಇಲ್ಲಿನ ಮಾಲೀಕರು ಮನಸ್ಸಿಗೆ ಬಂದಂತೆ ಮಾರ್ಪಾಡು ಮಾಡುವಂತಿಲ್ಲ. ತಯಾರಕರು ಗೊತ್ತು ಮಾಡಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಬದಲಿಸಕೂಡದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿದಿದೆ. ಅಮೆರಿಕದಲ್ಲಿ ಹೊಗೆ ಪರೀಕ್ಷೆಗೆ ಹೆಸರಾದ ಕ್ಯಾಲಿಫೋರ್ನಿಯಾ ಕೂಡ 1975ರವರೆಗಿನ ಪೆಟ್ರೋಲ್ ಕಾರುಗಳನ್ನು ಆ ಪರೀಕ್ಷೆಯಿಂದ ಬಿಟ್ಟಿದೆ. ಹಾಗಾಗಿಯೇ ಈ ಚರ್ಚೆಗೆ ಅಲ್ಲಿ ಇಷ್ಟು ಜಾಗ.

ಹಣದ ಲೆಕ್ಕವೂ ನನ್ನ ಕಡೆಗಿದೆ. ಎಂಜಿನ್ನಿನ ಟಾರ್ಕನ್ನು ಮುಂದಿನ ಪ್ರತಿ ಭಾಗವೂ ಹೊರಬೇಕು. 500 ಪೌಂಡ್-ಅಡಿ ಟಾರ್ಕು 2.87ರ ಮೊದಲ ಗೇರು, 3.73ರ ಕ್ರೌನ್-ಪಿನಿಯನ್ ದಾಟಿ ಹಿಂದಿನ ಆ್ಯಕ್ಸಲ್ ತಲುಪುವಾಗ 5,300 ಪೌಂಡ್-ಅಡಿ ದಾಟಿರುತ್ತದೆ. ಮಾಮೂಲಿ ಕಮಾರೊಗಳ 10 ಬೋಲ್ಟಿನ ಆ್ಯಕ್ಸಲ್ ಅದಕ್ಕೆ ಕಟ್ಟಿದ್ದಲ್ಲ. 12 ಬೋಲ್ಟಿನದೋ ಫೋರ್ಡಿನ 9 ಅಂಗುಲದ್ದೋ ಬೇಕು. ಕ್ಲಚ್ ದೊಡ್ಡದಾಗಬೇಕು, ಪ್ರೊಪೆಲ್ಲರ್ ಶಾಫ್ಟ್ ಗಟ್ಟಿಯಾಗಬೇಕು, ರೇಡಿಯೇಟರ್ ಬದಲಾಗಬೇಕು, ಡ್ರಮ್ ಬ್ರೇಕುಗಳನ್ನು ಕಿತ್ತು ಡಿಸ್ಕ್ ಹಾಕಬೇಕು. ಟಿಕೆಎಕ್ಸ್‌ನ ತಾಳಿಕೆ 600 ಪೌಂಡ್-ಅಡಿ ಎಂದು ತಯಾರಕರೇ ಹೇಳಿರುವಾಗ, ಮೊದಲು ಅದನ್ನು ಕೊಂಡವರಿಗೆ ತಮ್ಮ ಎಂಜಿನ್ನಿನ ಮಿತಿ ತಾನಾಗಿ ಗೊತ್ತಾಗುತ್ತದೆ. ಮೊದಲು ಎಂಜಿನ್ ಕೊಂಡವರಿಗೆ ಆ ಮಿತಿ ಗೊತ್ತಾಗುವುದು ಏನಾದರೂ ಮುರಿದಾಗ.

ಎದುರುವಾದ ಒಂದಿದೆ, ಅದನ್ನು ಕಡೆಗಣಿಸುವಂತಿಲ್ಲ. ಮಸಲ್ ಕಾರು ಹುಟ್ಟಿದ್ದೇ ಎಂಜಿನ್ನಿನ ಅತಿರೇಕದಿಂದ. ಅದನ್ನು ಹೆದ್ದಾರಿಯ ನೆಮ್ಮದಿಗೆ ಪಳಗಿಸಿದರೆ ಅದರ ಜೀವವೇ ಹೋಗುತ್ತದೆ ಎನ್ನುತ್ತಾರೆ. ಅತಿರೇಕ ಬೇಕೆನ್ನುವವರ ಆಸೆ ನನಗೆ ಅರ್ಥವಾಗುತ್ತದೆ. ಆದರೆ 3,400 ಸುತ್ತಿನಲ್ಲಿ ಕಿವಿ ಕಿವುಡಾಗಿ, ನೂರು ಕಿಲೋಮೀಟರ್ ದೂರದ ಊರಿಗೂ ಬೇರೆ ಕಾರು ತೆಗೆಯುವವರ ಮಸಲ್ ಕಾರು ಶೆಡ್ಡಿನಲ್ಲೇ ಧೂಳು ತಿನ್ನುತ್ತದೆ. ಅತಿರೇಕ ಅನುಭವಿಸಲಾದರೂ ಗಾಡಿ ಹೊರಗೆ ಬರಬೇಕಲ್ಲ. ಎಂಜಿನ್, ಗೇರ್‌ಬಾಕ್ಸ್‌ಗಳ ಸಂಖ್ಯೆ ಚಾಸಿಗೆ ತಾಳೆಯಾಗುವ ಅಪರೂಪದ ಗಾಡಿಗಳ ವಿಷಯದಲ್ಲಿ ಮಾತ್ರ ನಾನು ಶುದ್ಧವಾದಿಗಳ ಪಕ್ಷ. 69 ಮಾತ್ರ ಕಟ್ಟಿದ 1969ರ ಝಡ್‌ಎಲ್1 ಕಮಾರೊಗೆ ಸ್ಪ್ಯಾನರ್ ಮುಟ್ಟಿಸುವುದು ಅಪರಾಧ.

ಉಳಿದ ಸಾವಿರಾರು ಸಾದಾ ಕಮಾರೊ, ಶೆವೆಲ್‌ಗಳಿಗೆ ನನ್ನ ತೀರ್ಪು ಇದು: ಐದು ಗೇರಿನ ಓವರ್‌ಡ್ರೈವ್ ಪೆಟ್ಟಿಗೆ, 3.55 ಅಥವಾ 3.73ರ ಕ್ರೌನ್-ಪಿನಿಯನ್, ಒಳ್ಳೆಯ ಬ್ರೇಕು. ಅದಾದ ಮೇಲೆ ಕೈಯಲ್ಲಿ ಉಳಿದ ಹಣಕ್ಕೆ ಸಿಗುವ ಆರೋಗ್ಯವಂತ 350 ಘನ ಅಂಗುಲದ ಹಳೆಯ ಎಂಜಿನ್ನೋ, ಗುಜರಿಯ 5.3 ಲೀಟರಿನದೋ, ಮೃದು ಕ್ಯಾಮಿನೊಂದಿಗೆ. ಮೂರ್ನಾಲ್ಕು ವರ್ಷ ಓಡಿಸಿಯೂ ಶಕ್ತಿ ಸಾಲದೆನಿಸಿದರೆ ಎಂಜಿನ್ ಬದಲಿಸುವುದು ಒಂದು ವಾರಾಂತ್ಯ ಮೀರಿದ ಕೆಲಸವೇನಲ್ಲ, ಪೆಟ್ಟಿಗೆ ಅದನ್ನು ತಾಳಿಕೊಳ್ಳುತ್ತದೆ. ಇಳಿಸಿದ ಹಳೆಯ ಮನ್ಸಿಯನ್ನು ಮಾತ್ರ ಮಾರಬೇಡಿ. ಎಣ್ಣೆ ತುಂಬಿಸಿ, ಬೋಲ್ಟುಗಳನ್ನು ಡಬ್ಬಿಯಲ್ಲಿ ಕಟ್ಟಿ, ಶೆಡ್ಡಿನ ಮೂಲೆಯಲ್ಲಿಡಿ. ನಾಳೆ ಗಾಡಿ ಮಾರುವ ದಿನ ಬಂದರೆ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.